ಅಡ್ಮಿರಲ್ ಫಿಷರ್ ಮತ್ತು ನೌಕಾಶಿಕ್ಷಣ

ಇಪ್ಪತ್ತನೆಯ ಶತಮಾನದ ಆದಿಭಾಗದ ಬ್ರಿಟಿಷ್ ನೌಕಾಬಲದ ಚರಿತ್ರೆಯನ್ನು ಓದುವವರಿಗೆ ಜಾನ್ ಫಿಷರನ ಹೆಸರು ಪದೇ ಪದೇ ಎದುರಾಗುತ್ತದೆ. ಆತನು ಕಟ್ಟಿಸಿದ ಯುದ್ಧನೌಕೆಗಳ ಕೀರ್ತಿ ದೊಡ್ಡದು. ಆದರೆ ಅಧಿಕಾರಿಗಳ ಶಿಕ್ಷಣದಲ್ಲಿ ಆತನು ಮಾಡಹೊರಟ ಸುಧಾರಣೆಯು ಅದಕ್ಕಿಂತಲೂ ಹೆಚ್ಚು ವಿಚಾರಾರ್ಹವಾದುದು.

ಫಿಷರನು 1841ರ ಜನವರಿ 25ರಂದು ಸಿಂಹಳದ ರಂಬೋಡದಲ್ಲಿ ಜನಿಸಿದನು. ತಂದೆಯು ಸೈನ್ಯವನ್ನು ಬಿಟ್ಟು ಕಾಫಿ ತೋಟ ಮಾಡಿದವನು. ಆದರೆ ತೋಟವು ಕೈಹಿಡಿಯಲಿಲ್ಲ. ಕೊಡಗಿನ ಮಗ್ಗುಲಲ್ಲೇ ಇರುವ ಹುಣಸೂರು, ಪಿರಿಯಾಪಟ್ಟಣಗಳವರಿಗೆ ಕಾಫಿ ಬೆಳೆ ಕೈಕೊಟ್ಟ ಸಂಸಾರದ ಪಾಡನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿರಿಯ ಮಗನಾದ ಜಾನನನ್ನು ಆರನೆಯ ವಯಸ್ಸಿನಲ್ಲಿಯೇ ಇಂಗ್ಲೆಂಡಿನಲ್ಲಿದ್ದ ತಾಯಿಯ ತಂದೆಯ ಬಳಿಗೆ ಕಳುಹಿಸಿದರು. 1854ರಲ್ಲಿ, ಹದಿಮೂರನೆಯ ವಯಸ್ಸಿನಲ್ಲಿ, ಆತನು ನೌಕಾಬಲವನ್ನು ಸೇರಿದನು. ಹಣದ ಬೆಂಬಲವಿಲ್ಲದಿದ್ದರೂ ಫಿರಂಗಿ ಮತ್ತು ಟಾರ್ಪೆಡೊ ವಿದ್ಯೆಗಳಲ್ಲಿ ಪರಿಣತಿ ಪಡೆದು ಮೇಲೇರಿದನು.

ಆ ಕಾಲಕ್ಕೆ ಹಾಯಿ ಹೋಗಿ ಉಗಿಯಂತ್ರ ಬಂದಿದ್ದಿತು. ಹಡಗು ಚಲಿಸುವುದೇ ಯಂತ್ರದಿಂದ. ಆದರೂ ಯಂತ್ರ ನೋಡಿಕೊಳ್ಳುವ ಇಂಜಿನಿಯರುಗಳಿಗೆ ಮೇಲಟ್ಟದ ಅಧಿಕಾರಿಗಳ ಸಮಾನವಾದ ಸ್ಥಾನವಿರಲಿಲ್ಲ. ಎಣ್ಣೆ ಮಸಿ ಮೆತ್ತಿದ ಕೈಯವರು ಕೀಳೆಂಬ ಭಾವನೆಯಿತ್ತು. ಜಾತಿಭೇದವನ್ನು ಬಲ್ಲ ನಮಗೆ ಈ ಪಂಕ್ತಿಭೇದವು ಹೊಸದಲ್ಲ.

1902ರಲ್ಲಿ ಸಿಬ್ಬಂದಿಯ ಹೊಣೆಯುಳ್ಳ ಎರಡನೆಯ ಸೀ ಲಾರ್ಡ್ ಆದ ಫಿಷರನು ಇದಕ್ಕೆ ಕೈಹಾಕಿದನು. ಹಡಗು ನಡೆಸುವವರೂ ಯಂತ್ರ ನಡೆಸುವವರೂ ಒಂದೇ ಶಾಲೆಯಲ್ಲಿ ಕಲಿಯಬೇಕೆಂಬ ಯೋಜನೆಯು ಅದೇ ವರ್ಷ ಪ್ರಕಟವಾಯಿತು. 1903ರಲ್ಲಿ ಆಸ್ಬರ್ನಿನಲ್ಲಿ ಕಾಲೇಜು ತೆರೆಯಿತು. ಆದರೆ ತಂದೆತಾಯಿಗಳು ವರ್ಷಕ್ಕೆ 75 ಪೌಂಡು ಶುಲ್ಕ ಕೊಡಬೇಕಾಗಿತ್ತು. ಇದರಿಂದ ಬಡವರ ಮಕ್ಕಳಿಗೆ ಬಾಗಿಲು ಮುಚ್ಚುವುದೆಂದೂ ಈ ಖರ್ಚನ್ನು ಸರ್ಕಾರವೇ ಹೊರಬೇಕೆಂದೂ ಫಿಷರನು ವಾದಿಸಿದನು. ಆ ಮಾತು ಅಂದು ನಡೆಯಲಿಲ್ಲ.

1904ರಲ್ಲಿ ಆತನು ಮೊದಲನೆಯ ಸೀ ಲಾರ್ಡ್ ಪದವಿಗೇರಿದನು. 1906ರ ಫೆಬ್ರವರಿಯಲ್ಲಿ ನೀರಿಗಿಳಿದ 'ಡ್ರೆಡ್‌ನಾಟ್' ನೌಕೆಯು ಹನ್ನೆರಡು ಅಂಗುಲದ ಹತ್ತು ಫಿರಂಗಿಗಳನ್ನೂ ಟರ್ಬೈನ್ ಯಂತ್ರಗಳನ್ನೂ ಹೊಂದಿದ್ದು, 21 ನಾಟ್ ವೇಗದಲ್ಲಿ ಸಾಗಬಲ್ಲದಾಗಿತ್ತು. ಇದರಿಂದ ಹಳೆಯ ನೌಕೆಗಳೆಲ್ಲ ಒಮ್ಮೆಗೇ ಹಿಂದೆಬಿದ್ದುವು. ಜರ್ಮನಿಯೊಡನೆ ನೌಕಾಸ್ಪರ್ಧೆಯೂ ತೀವ್ರವಾಯಿತು. ಫಿಷರನು ದೋಷರಹಿತನಲ್ಲ. ವಿರೋಧಿಸಿದವರನ್ನು ಸಹಿಸನು, ಅಡ್ಮಿರಲ್ ಬೆರೆಸ್‌ಫರ್ಡನೊಡನೆ ಬೆಳೆದ ಜಗಳವು ಅಧಿಕಾರಿಗಳನ್ನೇ ಎರಡು ಪಂಗಡ ಮಾಡಿತು. 1910ರಲ್ಲಿ ನಿವೃತ್ತನಾಗಿ, 1914ರ ಯುದ್ಧಕಾಲದಲ್ಲಿ ಪುನಃ ಬಂದನು. ಡಾರ್ಡನೆಲ್ಸ್ ದಂಡಯಾತ್ರೆಯ ವಿಷಯದಲ್ಲಿ ಚರ್ಚಿಲನೊಡನೆ ವಿರಸವುಂಟಾಗಿ, 1915ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟನು. 1920ರಲ್ಲಿ ತೀರಿಕೊಂಡನು.

ಆತನ ತರುವಾಯ, 1925ರಲ್ಲಿ, ಇಂಜಿನಿಯರುಗಳನ್ನು ಮತ್ತೆ ಬೇರೆಯ ವರ್ಗವಾಗಿ ಮಾಡಲಾಯಿತು. ಕಬ್ಬಿಣದ ಹಡಗನ್ನು ಬದಲಿಸುವುದು ಸುಲಭ. ಮನುಷ್ಯನ ಮನಸ್ಸನ್ನು ಬದಲಿಸುವುದು ಕಷ್ಟ. ಭಾರತದಲ್ಲಾದರೋ 1928ರಲ್ಲಿ ರಾಯಲ್ ಇಂಡಿಯನ್ ಮೆರೀನಿನ ಅಧಿಕಾರಿಯಾದ ಮೊದಲ ಭಾರತೀಯ ಡಿ. ಎನ್. ಮುಖರ್ಜಿಯವರು ಇಂಜಿನಿಯರರೇ ಆಗಿದ್ದರೆಂಬುದು ಗಮನಾರ್ಹ.

ಕೆ. ಆರ್. ನಗರ, ಎಚ್. ಡಿ. ಕೋಟೆಯ ಹಳ್ಳಿಗಳಿಂದ ಸರ್ಕಾರಿ ಕಾಲೇಜಿಗೆ ಬರುವ ವಿದ್ಯಾರ್ಥಿಗೆ ಫಿಷರನ ಫಿರಂಗಿಗಳಿಂದ ಆಗಬೇಕಾದುದೇನೂ ಇಲ್ಲ. ಆದರೆ ಯೋಗ್ಯತೆಯಿರುವ ಹುಡುಗನಿಗೆ ಶುಲ್ಕವು ಅಡ್ಡಿಯಾಗಬಾರದು, ಕೈಕೆಲಸ ಬಲ್ಲವನು ಕೀಳಾಗಬಾರದು ಎಂಬ ಆತನ ಎರಡು ವಾದಗಳು ನಮ್ಮವೂ ಹೌದು.