ಓದಲು ತೊಡಕು: ಕಣ್ಣಿನ ವ್ಯಾಯಾಮ ಮದ್ದಾದೀತೆ?

ಮಗು ಚೂಟಿಯಾಗಿದೆ. ಕೇಳಿದ ಕತೆಯನ್ನು ಚಾಚೂ ತಪ್ಪದೆ ಹೇಳುತ್ತದೆ. ತೋಟದಲ್ಲಿ ಎಷ್ಟು ಕಾಯಿ ಬಿದ್ದವೆಂದು ಬಾಯಲ್ಲೇ ಲೆಕ್ಕ ಹಾಕುತ್ತದೆ. ಆದರೆ ಪುಸ್ತಕ ಹಿಡಿದರೆ ತಡವರಿಸುತ್ತದೆ. ಸಾಲು ತಪ್ಪುತ್ತದೆ, ಒತ್ತಕ್ಷರ ಬಂದಲ್ಲಿ ನಿಲ್ಲುತ್ತದೆ. ಮನೆಯವರು 'ಸೋಮಾರಿ' ಎನ್ನುತ್ತಾರೆ. ಇದು ಡಿಸ್ಲೆಕ್ಸಿಯಾ, ಅಂದರೆ ಓದಿನ ಕಲಿಕಾ ನ್ಯೂನತೆ ಇರಬಹುದು. ಬುದ್ಧಿಮಟ್ಟಕ್ಕೂ ಇದಕ್ಕೂ ಸಂಬಂಧವಿಲ್ಲ.

ಇಂಥ ಮಕ್ಕಳಿಗೆ ಕಣ್ಣಿನ ಚಲನೆಯ ತರಬೇತಿ ಕೊಡಿಸಿದರೆ ಓದು ಸುಧಾರಿಸುತ್ತದೆ ಎಂಬ ಮಾತು ಆಗಾಗ ಕೇಳಿಬರುತ್ತದೆ. ತುರುವೇಕೆರೆ ತಾಲ್ಲೂಕಿನ ದಂಡಿನಶಿವರದಂಥ ಊರಿನಿಂದ ಕೊಬ್ಬರಿ ಮಾರಿದ ಹಣ ಹಿಡಿದು ತಿಂಗಳುಗಟ್ಟಲೆ ಬೆಂಗಳೂರಿಗೆ ಅಲೆಯುವ ಮುನ್ನ ಇದರ ನಿಜಾಂಶವನ್ನು ತಿಳಿಯುವುದು ಒಳ್ಳೆಯದು.

ಕಣ್ಣು ಹೇಗೆ ಓದುತ್ತದೆ?

ಓದುವಾಗ ಕಣ್ಣು ಸಾಲಿನ ಮೇಲೆ ನುಣ್ಣಗೆ ಜಾರುವುದಿಲ್ಲ. ಸೆಕೆಂಡಿಗೆ ಮೂರು ನಾಲ್ಕು ಬಾರಿ ಪುಟ್ಟ ಪುಟ್ಟ ನೆಗೆತ ಹಾಕಿ, ನಡುನಡುವೆ ನಿಲ್ಲುತ್ತದೆ. ನಿಂತಾಗ ಮಾತ್ರ ಅಕ್ಷರ ಸ್ಪಷ್ಟವಾಗಿ ಕಾಣುತ್ತದೆ. ಅರ್ಥವಾಗದಿದ್ದರೆ ಕಣ್ಣು ಹಿಂದಕ್ಕೆ ಹೋಗುತ್ತದೆ. ಚೆನ್ನಾಗಿ ಓದಬಲ್ಲ ಹಿರಿಯರಲ್ಲೂ ಹೀಗಾಗುವುದುಂಟು.

ಡಿಸ್ಲೆಕ್ಸಿಯಾ ಇರುವ ಮಕ್ಕಳ ಕಣ್ಣು ಹೆಚ್ಚು ಹೊತ್ತು ನಿಲ್ಲುವುದೂ ಹೆಚ್ಚು ಬಾರಿ ಹಿಂದಿರುಗುವುದೂ ನಿಜ. ಆದರೆ ಅದೇ ಓದಿನ ಮಟ್ಟದಲ್ಲಿರುವ ಕಿರಿಯ ಮಕ್ಕಳ ಕಣ್ಣೂ ಬಹುಮಟ್ಟಿಗೆ ಹಾಗೆಯೇ ಚಲಿಸುತ್ತದೆ. ಅಂದರೆ ಕಣ್ಣು ತಡವರಿಸುವುದರಿಂದ ಓದು ಕೆಡುವುದಲ್ಲ. ಓದು ಕಷ್ಟವಾದ್ದರಿಂದ ಕಣ್ಣು ತಡವರಿಸುತ್ತದೆ. ಹೆಚ್ಚಿನ ಮಕ್ಕಳಲ್ಲಿ ತೊಡಕಿನ ಮೂಲ ಇರುವುದು ಮಾತಿನ ಸದ್ದುಗಳನ್ನು ಬಿಡಿಸಿ, ಅಕ್ಷರದೊಡನೆ ಹೊಂದಿಸುವ ಮಿದುಳಿನ ಕೆಲಸದಲ್ಲಿ.

ಸಂಶೋಧನೆ ಏನು ಹೇಳುತ್ತದೆ?

ಕಣ್ಣಿನ ವ್ಯಾಯಾಮ ಹಾಗೂ ಬಣ್ಣದ ಕನ್ನಡಕಗಳಿಂದ ಡಿಸ್ಲೆಕ್ಸಿಯಾ ವಾಸಿಯಾಗುತ್ತದೆ ಎನ್ನಲು ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ಮಕ್ಕಳ ವೈದ್ಯರ ಮತ್ತು ನೇತ್ರವೈದ್ಯರ ಅಕಾಡೆಮಿಗಳು 2009ರಲ್ಲಿ ಜಂಟಿಯಾಗಿ ತಿಳಿಸಿದವು. ಹತ್ತಿರದ ವಸ್ತುವಿನ ಮೇಲೆ ಎರಡೂ ಕಣ್ಣುಗಳನ್ನು ಕೂಡಿಸಲಾಗದ ದೋಷವಿರುವ 300ಕ್ಕೂ ಹೆಚ್ಚು ಮಕ್ಕಳ ಮೇಲೆ ಅಲ್ಲಿ ಇನ್ನೊಂದು ಅಧ್ಯಯನ ನಡೆಯಿತು. ಅದರ ಫಲಿತಾಂಶ 2019ರಲ್ಲಿ ಪ್ರಕಟವಾಯಿತು. 16 ವಾರಗಳ ನಿಜವಾದ ಕಣ್ಣಿನ ತರಬೇತಿ ಪಡೆದವರು ತೋರಿಕೆಯ ತರಬೇತಿ ಪಡೆದವರಿಗಿಂತ ಓದಿನ ಗ್ರಹಿಕೆಯಲ್ಲಿ ಮುಂದೆ ಬರಲಿಲ್ಲ.

ಹಾಗೆಂದು ಕಣ್ಣಿನ ಪರೀಕ್ಷೆಯೇ ಬೇಡವೆಂದಲ್ಲ. ತಲೆನೋವು, ಮಸುಕು, ಒಂದು ಎರಡಾಗಿ ಕಾಣುವುದು ಇದ್ದರೆ ನೇತ್ರವೈದ್ಯರಿಗೆ ತೋರಿಸಲೇಬೇಕು. ಕನ್ನಡಕ ಬೇಕಾದರೆ ಹಾಕಿಸಬೇಕು. ಎರಡು ಕಣ್ಣು ಕೂಡದ ದೋಷಕ್ಕೆ ವ್ಯಾಯಾಮದಿಂದ ಪ್ರಯೋಜನವೂ ಉಂಟು. ಅದು ಕಣ್ಣಿನ ಆಯಾಸವನ್ನು ತಗ್ಗಿಸೀತೇ ಹೊರತು ಓದು ಕಲಿಸದು.

ಮನೆಯಲ್ಲಿ ಏನು ಮಾಡಬೇಕು?

ಕನ್ನಡದಲ್ಲಿ ಕಾಗುಣಿತ, ಒತ್ತಕ್ಷರ ಸೇರಿ ನೂರಾರು ರೂಪಗಳನ್ನು ಮಗು ಗುರುತಿಸಬೇಕು. ನಾಲ್ಕನೆಯ ತರಗತಿಯವರೆಗೂ ಈ ಕಲಿಕೆ ನಡೆಯುತ್ತಲೇ ಇರುತ್ತದೆ. ಆದ್ದರಿಂದ ಒಂದೆರಡನೆಯ ತರಗತಿಯ ಮಗು ಒತ್ತಕ್ಷರದಲ್ಲಿ ಎಡವಿದರೆ ಗಾಬರಿ ಬೇಡ. ಸಹಪಾಠಿಗಳಿಗಿಂತ ತೀರಾ ಹಿಂದೆ ಉಳಿದರೆ ಮಾತ್ರ ಎಚ್ಚರ ವಹಿಸಿ.

* ಪದವನ್ನು ಚಪ್ಪಾಳೆ ತಟ್ಟಿ ಬಿಡಿಸಿ. 'ತೆಂಗಿನಕಾಯಿ'ಗೆ ಐದು ಚಪ್ಪಾಳೆ.
* ಮೊದಲ ವ್ಯಂಜನವನ್ನು ಕಳೆಯುವ ಆಟ ಆಡಿಸಿ. 'ತೋಟ'ದಲ್ಲಿ 'ತ್' ಕಳೆದರೆ 'ಓಟ'. 'ಕಾಡು' ಎಂಬಲ್ಲಿ 'ಕ್' ಕಳೆದರೆ 'ಆಡು'.
* ಬ–ಭ, ದ–ಧ ಮುಂತಾದ ಹೋಲುವ ಅಕ್ಷರಗಳನ್ನು ಒಟ್ಟಿಗೆ ಕಲಿಸಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಸದ್ದು ಹೇಳುತ್ತಲೇ ಮರಳಿನ ಮೇಲೆ ಬರೆಸಿ.
* ದಿನಕ್ಕೆ 15 ನಿಮಿಷ ಸಾಕು, ಆದರೆ ತಪ್ಪಿಸಬೇಡಿ. ಸಾಲು ತಪ್ಪಿದರೆ ಅಡಿಯಲ್ಲಿ ಪಟ್ಟಿ ಹಿಡಿಯಲಿ.

ಎಲ್ಲಿ ತೋರಿಸಬೇಕು?

ಮೊದಲು ಕಣ್ಣು ಮತ್ತು ಕಿವಿಯ ಪರೀಕ್ಷೆಯಾಗಲಿ. ಕಲಿಕಾ ನ್ಯೂನತೆಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮತ್ತು ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಜ್ಞರಿದ್ದಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ನ್ಯೂನತೆಗಳಲ್ಲಿ ಇದೂ ಒಂದು. ಆದ್ದರಿಂದ ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯದಂಥ ಅನುಕೂಲ ಕೇಳಲು ಅವಕಾಶವಿದೆ.

ತಪ್ಪು ಚಿಕಿತ್ಸೆಯಲ್ಲಿ ಹಣಕ್ಕಿಂತ ಹೆಚ್ಚಾಗಿ ನಷ್ಟವಾಗುವುದು ಕಾಲ. ಆರೇಳು ವರ್ಷದ ಎಳೆಯ ವಯಸ್ಸಿನಲ್ಲಿ ಸರಿಯಾದ ನೆರವು ಸಿಕ್ಕಷ್ಟೂ ಫಲ ಹೆಚ್ಚು. ತಡವಾದಂತೆ ಮಗು ಓದನ್ನಷ್ಟೇ ಅಲ್ಲ, ತನ್ನ ಮೇಲಿನ ನಂಬಿಕೆಯನ್ನೂ ಕಳೆದುಕೊಳ್ಳುತ್ತದೆ. ಬೈಗುಳ, ಹೊಡೆತ ಮದ್ದಲ್ಲ. ತಾಳ್ಮೆಯಿಂದ, ಕ್ರಮವಾಗಿ ಕಲಿಸುವುದೇ ಮದ್ದು.