ಹೋದದ್ದು ಅಯಾನು, ಮರಳಿದ್ದು ಪರಮಾಣು

ಪ್ರಶ್ನೆ: ತಾಮ್ರದ ಮೇಲೆ ಹೀಲಿಯಂ ಅಯಾನುಗಳನ್ನು ಹಾಯಿಸಿದರೆ ಬಹುಪಾಲು ವಿದ್ಯುದಂಶ ಕಳೆದುಕೊಂಡು ಮರಳುತ್ತವಂತೆ. ಡಿಕ್ಕಿಯ ರಭಸವೇ ಕಾರಣವೇ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅಲ್ಲ. ಮುಖ್ಯ ಕಾರಣ ಶಕ್ತಿಮಟ್ಟಗಳ ಅಂತರ. ತಾಮ್ರದಿಂದ ಎಲೆಕ್ಟ್ರಾನ್ ಬಿಡಿಸಲು 5 ಎಲೆಕ್ಟ್ರಾನ್ ವೋಲ್ಟಿನ ಆಸುಪಾಸು ಸಾಕು. ಹೀಲಿಯಂ ಅಯಾನಿನಲ್ಲಿ ಖಾಲಿ ಇರುವ ಮಟ್ಟವೋ 24.6 ಎಲೆಕ್ಟ್ರಾನ್ ವೋಲ್ಟ್ ಆಳದಲ್ಲಿದೆ. ಅಯಾನು ಮೇಲ್ಮೈಗೆ ತೀರ ಹತ್ತಿರವಾದಾಗ ಲೋಹದ ಒಂದು ಎಲೆಕ್ಟ್ರಾನ್ ಅಲ್ಲಿಗೆ ಇಳಿಯುತ್ತದೆ. ಮಿಕ್ಕ ಶಕ್ತಿಯನ್ನು ಲೋಹದ್ದೇ ಇನ್ನೊಂದು ಎಲೆಕ್ಟ್ರಾನ್ ಪಡೆಯುತ್ತದೆ. ಎಷ್ಟೋ ಸಲ ಹೊರಕ್ಕೂ ಚಿಮ್ಮುತ್ತದೆ. ಇದೇ ಓಜೆ ಪ್ರಕ್ರಿಯೆ. ಬೆಲ್ ಪ್ರಯೋಗಾಲಯದ ಹೋಮರ್ ಹ್ಯಾಗ್‌ಸ್ಟ್ರಮ್ 1954ರಲ್ಲಿ ಇದರ ಸಿದ್ಧಾಂತ ಪ್ರಕಟಿಸಿದರು. 1,000 ಎಲೆಕ್ಟ್ರಾನ್ ವೋಲ್ಟಿನ ಹೀಲಿಯಂ ಒಂದು ನ್ಯಾನೋಮೀಟರ್ ದಾಟುವುದು ಸುಮಾರು 5 ಫೆಮ್ಟೋಸೆಕೆಂಡಿನಲ್ಲಿ. ಈ ಪ್ರಕ್ರಿಯೆಗೆ ಸಿಗುವ ಕಾಲಾವಕಾಶ ಅಷ್ಟೇ. ವೇಗ ಹೆಚ್ಚಿದರೆ ಅದೂ ಕುಗ್ಗುತ್ತದೆ.

ಪ್ರಶ್ನೆ: ಅಯಾನುಗಳೇ ಅಳಿದರೆ ಅಳತೆಗೆ ತೊಡಕಲ್ಲವೇ?
– ಪಿಯು ಉಪನ್ಯಾಸಕರು, ಹಾಸನ

ಉತ್ತರ: ಮರಳುವ ಅಯಾನುಗಳಿಂದ ಮೇಲ್ಮೈಯನ್ನು ಅರಿಯುವ ವಿಧಾನಕ್ಕೆ ಅದರಿಂದಲೇ ಬೆಲೆ ಬಂದಿದೆ. ಒಳಪದರಕ್ಕೆ ನುಗ್ಗಿದ ಹೀಲಿಯಂ ಬಹುತೇಕ ಖಚಿತವಾಗಿ ತಟಸ್ಥವಾಗುತ್ತದೆ. ಅಯಾನುಗಳನ್ನಷ್ಟೇ ಎಣಿಸಿದರೆ ಮುಖ್ಯವಾಗಿ ಕಾಣುವುದು ಹೊರಗಿನ ಒಂದೇ ಪರಮಾಣು ಪದರ. ಮರಳಿದ ಅಯಾನಿನ ಶಕ್ತಿ ನೋಡಿ ಅದು ಯಾವ ಧಾತುವಿಗೆ ಬಡಿಯಿತೆಂದು ಹೇಳಬಹುದು. ವೇಗವರ್ಧಕಗಳ ಮೇಲ್ಮೈ ಪರೀಕ್ಷೆಗೆ ಇದು ಬಹಳ ಒದಗುತ್ತದೆ.

ಒಂದು ಎಚ್ಚರಿಕೆ ಬೇಕು. ಸೀಸದ ಒಂದು ಒಳಮಟ್ಟ ಹೀಲಿಯಂನ ಮಟ್ಟಕ್ಕೆ ಸಮೀಪದಲ್ಲಿದೆ. ಎಲೆಕ್ಟ್ರಾನ್ ಎರಡರ ನಡುವೆ ಹೋಗಿಬರುವುದರಿಂದ, ಶಕ್ತಿ ಬದಲಿಸುತ್ತ ಹೋದಂತೆ ಬದುಕುಳಿಯುವ ಅಯಾನುಗಳ ಸಂಖ್ಯೆ ಏರಿಳಿಯುತ್ತದೆ. ಹಾಗಾಗಿ ಸಂಯೋಜನೆ ತಿಳಿದಿರುವ ಮಾದರಿಯೊಂದಿಗೆ ಹೋಲಿಸದೆ ಪ್ರಮಾಣ ಹೇಳಬಾರದು.

ಪ್ರಶ್ನೆ: ಪರಮಾಣುವಿಗೆ ಮೇಲ್ಮೈ ಹೆಚ್ಚುವರಿ ಎಲೆಕ್ಟ್ರಾನನ್ನೂ ಕೊಡಬಲ್ಲದೇ?
– ಎಂಜಿನಿಯರ್, ಮೈಸೂರು

ಉತ್ತರ: ಕೊಡಬಲ್ಲದು. ಹೈಡ್ರೋಜನ್ ಪರಮಾಣು ಹೆಚ್ಚುವರಿ ಎಲೆಕ್ಟ್ರಾನನ್ನು ಹಿಡಿದಿಡುವುದು ಕೇವಲ 0.75 ಎಲೆಕ್ಟ್ರಾನ್ ವೋಲ್ಟಿನಿಂದ. ಟಂಗ್‌ಸ್ಟನ್ನಿನಿಂದ ಎಲೆಕ್ಟ್ರಾನ್ ಬಿಡಿಸಲು ಸುಮಾರು 4.5 ಬೇಕು. ಅದರ ಮೇಲೆ ಸೀಸಿಯಂನ ತೆಳುಪದರ ಕೂರಿಸಿದರೆ ಇದು 2ರ ಆಸುಪಾಸಿಗೆ ಇಳಿಯುತ್ತದೆ. ಮೇಲ್ಮೈ ಸಮೀಪದಲ್ಲಿ ಹೈಡ್ರೋಜನ್ನಿನ ಮಟ್ಟವೂ ಕೆಳಗಿಳಿಯುವುದರಿಂದ ಎಲೆಕ್ಟ್ರಾನ್ ದಾಟುತ್ತದೆ. ಅದು ಲೋಹಕ್ಕೆ ಮರಳುವ ಮೊದಲೇ ದೂರ ಸರಿದ ಪರಮಾಣುಗಳು ಋಣ ಅಯಾನುಗಳಾಗಿ ಉಳಿಯುತ್ತವೆ. ಫ್ರಾನ್ಸಿನ ಇಟರ್ ಸಮ್ಮಿಳನ ಯೋಜನೆಯ ಕಿರಣಗಳಿಗೆ ಬೇಕಾದದ್ದು ಇಂಥ ಅಯಾನುಗಳೇ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯ 'ರಾಬಿನ್' ಆಕರದಲ್ಲೂ ಈ ಬಗೆಯ ಪ್ರಯೋಗ ನಡೆದಿದೆ.

ಇಂಥ ಯಾವುದೇ ಲೆಕ್ಕಕ್ಕೆ ಕೂರುವ ಮುನ್ನ ವಿದ್ಯಾರ್ಥಿಗಳು ಮಟ್ಟದ ಆಳ, ಮೇಲ್ಮೈಯ ವರ್ಕ್ ಫಂಕ್ಷನ್ (ಎಲೆಕ್ಟ್ರಾನ್ ಬಿಡಿಸಲು ಬೇಕಾದ ಶಕ್ತಿ), ಸಿಗುವ ಸಮಯ ಈ ಮೂರನ್ನೂ ಪಕ್ಕಪಕ್ಕದಲ್ಲಿ ಬರೆದುಕೊಳ್ಳಿ. ಎಲೆಕ್ಟ್ರಾನ್ ಯಾವ ಕಡೆ ಹೋದೀತೆಂಬುದು ಬಹುಮಟ್ಟಿಗೆ ಅಲ್ಲಿಯೇ ತಿಳಿಯುತ್ತದೆ.