ರಂಗೋಲಿಯಷ್ಟು ಚಿಕ್ಕ ಅಭ್ಯಾಸ ಸಾಕು

ಬೆಳಗ್ಗೆ ಐದಕ್ಕೆ ಎದ್ದು ಯೋಗ, ಅರ್ಧ ಗಂಟೆ ಧ್ಯಾನ, ಒಂದು ಪುಟ ಡೈರಿ, ಸಕ್ಕರೆ ಬಂದ್, ಫೋನ್ ಬಂದ್. ಯುಗಾದಿಗೋ ಹೊಸ ವರ್ಷಕ್ಕೋ ಇಂಥ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವರು ಬೀದಿಗೊಬ್ಬರು ಸಿಗುತ್ತಾರೆ. ಎರಡನೇ ವಾರಕ್ಕೆ ಆ ಪಟ್ಟಿಯ ಮೇಲೆ ಹಾಲಿನವನ ಲೆಕ್ಕದ ಚೀಟಿ ಬಂದಿರುತ್ತದೆ. ಮನಸ್ಸು ಗಟ್ಟಿಯಿಲ್ಲ ಎಂದು ತಮ್ಮನ್ನೇ ಬೈದುಕೊಳ್ಳುತ್ತಾರೆ. ನನ್ನ ಪ್ರಕಾರ ಬೈಯಬೇಕಾದ್ದು ಆ ಪಟ್ಟಿಯನ್ನು.

ಅದೇ ಮನೆಯ ಹೊಸಿಲಾಚೆ ನೋಡಿ. ಗುಡಿಸಿ ನೀರು ಚಿಮುಕಿಸಿದ ನೆಲ ಇನ್ನೂ ಒದ್ದೆ ಇರುವಾಗಲೇ ಹೆಬ್ಬೆರಳು, ತೋರುಬೆರಳ ನಡುವೆ ರಂಗೋಲಿ ಪುಡಿ ಹಿಡಿದು, ಮೊದಲು ಚುಕ್ಕಿ ಇಟ್ಟು, ಆಮೇಲೆ ಎಳೆ ಎಳೆಯುತ್ತಾರೆ. ಇವತ್ತು ಮೂಡ್ ಇದೆಯೋ ಇಲ್ಲವೋ ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಗುಡಿಸಿದ್ದಾಯಿತು, ಇನ್ನು ರಂಗೋಲಿ, ಅಷ್ಟೇ. ಐದು ನಿಮಿಷದ ಕೆಲಸ. ಮುಗಿದದ್ದು ಕಣ್ಣಿಗೆ ಕಾಣುತ್ತದೆ. ಚುಕ್ಕಿ ತಪ್ಪೀತೆಂದು ಗಮನವೂ ಅಲ್ಲೇ ನಿಂತಿರುತ್ತದೆ. ಏಕಾಗ್ರತೆಗೆ, ನೆಮ್ಮದಿಗೆ ಎಂದು ಹಿಡಿಯುವ ಹೊಸ ಅಭ್ಯಾಸವನ್ನೂ ಈ ಅಳತೆಗೆ ಇಳಿಸಿದರೆ ಉಳಿದೀತು.

ಏಕಾಗ್ರತೆ, ನೆಮ್ಮದಿ ಎರಡನ್ನೂ ಒಟ್ಟಿಗೆ ಹೇಳುತ್ತಿರುವುದಕ್ಕೆ ಕಾರಣ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,250 ಮಂದಿಯನ್ನು ಆ್ಯಪ್ ಮೂಲಕ ದಿನದ ನಡುನಡುವೆ ಕೇಳಲಾಯಿತು: ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಅದರಲ್ಲೇ ಇದೆಯಾ, ಎಷ್ಟು ಖುಷಿಯಾಗಿದ್ದೀರಿ? ಸುಮಾರು ಶೇ 47ರಷ್ಟು ಸಲ ಮನಸ್ಸು ಬೇರೆಲ್ಲೋ ಇತ್ತು. ಹಾಗೆ ಅಲೆಯುವಾಗ ಜನರ ಖುಷಿ ಕಡಿಮೆ; ಬೇಸರದ ಕೆಲಸ ಮಾಡುವಾಗಲೂ ಅಷ್ಟೇ.

ಮೊದಲು ಗೂಟ ಹುಡುಕಿ

ದಿನವೂ ತಪ್ಪದೆ ಮಾಡುವ ಒಂದು ಕೆಲಸ ಆರಿಸಿಕೊಳ್ಳಿ. ಹಲ್ಲುಜ್ಜುವುದು, ದೇವರಿಗೆ ದೀಪ ಹಚ್ಚುವುದು, ಫಿಲ್ಟರ್‌ಗೆ ಬಿಸಿನೀರು ಹೊಯ್ಯುವುದು, ಆಫೀಸಿನ ಕುರ್ಚಿಯಲ್ಲಿ ಕೂರುವುದು, ಯಾವುದಾದರೂ ಸರಿ. ಅದೇ ಗೂಟ. ಹೊಸ ಅಭ್ಯಾಸವನ್ನು ಅದಕ್ಕೇ ಕಟ್ಟಿ. ‘ದಿನಾ ಓದುತ್ತೇನೆ’ ಎಂದರೆ ಆಗದು. ‘ಫಿಲ್ಟರ್‌ಗೆ ನೀರು ಹೊಯ್ದ ಮೇಲೆ, ಡಿಕಾಕ್ಷನ್ ಇಳಿಯುವವರೆಗೆ, ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಎರಡು ಪುಟ ಓದುತ್ತೇನೆ’ ಎನ್ನಿ. ಯಾವಾಗ, ಎಲ್ಲಿ, ಎಷ್ಟು ಎಂಬುದು ಮೊದಲೇ ತೀರ್ಮಾನವಾದರೆ ಆ ಹೊತ್ತಿಗೆ ಮನಸ್ಸಿನೊಂದಿಗೆ ಚೌಕಾಸಿ ಮಾಡುವುದು ಉಳಿಯುವುದಿಲ್ಲ.

21 ದಿನದಲ್ಲಿ ಅಭ್ಯಾಸ ಅಂಟಿಕೊಳ್ಳುತ್ತದೆ ಎಂಬ ಮಾತನ್ನು ನಂಬಬೇಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಮಂದಿಯನ್ನು 12 ವಾರ ಗಮನಿಸಿದಾಗ ಹೊಸ ನಡವಳಿಕೆ ತಾನಾಗಿ ನಡೆಯುವಂತಾಗಲು ಸರಾಸರಿ 66 ದಿನ ಬೇಕಾಯಿತು. ಕೆಲವರಿಗೆ 18 ದಿನ ಸಾಕಾದರೆ, ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾದೀತು ಎಂದು ಲೆಕ್ಕ ತೋರಿಸಿತು. ಊಟದ ಜೊತೆ ಒಂದು ಲೋಟ ನೀರು ಕುಡಿಯುವಂಥದ್ದು ಬೇಗ ಕೂತುಕೊಂಡಿತು, ವ್ಯಾಯಾಮ ತಡವಾಯಿತು. ಹೀಗಾಗಿ ಒಂದು ಹೊತ್ತಿಗೆ ಒಂದೇ ಅಭ್ಯಾಸ ಹಿಡಿಯಿರಿ. ಕೆಳಗಿನವುಗಳಲ್ಲಿ ನಿಮಗೆ ಅತಿ ಸುಲಭ ಎನಿಸಿದ್ದೇ ಮೊದಲಿಗಿರಲಿ.

ಫೋನ್ ಎಲ್ಲಿ ಮಲಗುತ್ತದೆ?

ಯಾವುದು ಸುಲಭ ಎಂದು ತೋಚದಿದ್ದರೆ ಇದನ್ನೇ ಮೊದಲು ಮಾಡಿ ಎನ್ನುತ್ತೇನೆ. ತಲೆದಿಂಬಿನ ಪಕ್ಕದ ಚಾರ್ಜರ್ ಕಿತ್ತು ಹಾಲ್‌ನ ಗೋಡೆಗೆ ಹಾಕಿ. ‘ಅಲಾರಂ ಬೇಕಲ್ಲ’ ಎನ್ನುವವರು ಒಂದು ಗಡಿಯಾರ ಕೊಳ್ಳಿ, ಕೆಲವೇ ನೂರು ರೂಪಾಯಿ. ಊರಲ್ಲಿ ವಯಸ್ಸಾದ ಅಪ್ಪ ಅಮ್ಮ ಇದ್ದಾರೆ, ರಾತ್ರಿ ಫೋನ್ ಬಂದರೆ? ರಿಂಗಿನ ಸದ್ದು ಜೋರಾಗಿಟ್ಟು, ವಾಟ್ಸ್ಆ್ಯಪ್‌ನ ಟಿಂಗ್ ಟಿಂಗ್ ಮಾತ್ರ ನಿಲ್ಲಿಸಿ. ಹಾಲ್‌ನಲ್ಲಿ ಬಡಿದುಕೊಂಡರೂ ಕೇಳುತ್ತದೆ.

ಇದರಿಂದ ಎದ್ದ ಕೂಡಲೇ ಕೈ ಹುಡುಕುವ ವಸ್ತು ಸಿಗುವುದಿಲ್ಲ. ಕಣ್ಣುಜ್ಜುತ್ತಲೇ ಗುಡ್ ಮಾರ್ನಿಂಗ್ ಗುಲಾಬಿಗಳು, ಅಪಘಾತದ ವಿಡಿಯೊ, ಬಾಸ್‌ನ ಮೆಸೇಜು, ಮೂರನ್ನೂ ಒಟ್ಟಿಗೆ ನುಂಗಿದ ಮೇಲೆ ಧ್ಯಾನಕ್ಕೆ ಕೂತು ಏನು ಪ್ರಯೋಜನ? ಮುಖ ತೊಳೆದು, ಕಾಫಿ ಕುಡಿದ ಮೇಲೆ ಫೋನ್ ಮುಟ್ಟಿ. ಜಗತ್ತು ಅಷ್ಟು ಹೊತ್ತು ಕಾಯುತ್ತದೆ.

25 ನಿಮಿಷ, ಒಂದು ಚೀಟಿ

ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ 1980ರ ದಶಕದ ಕೊನೆಯಲ್ಲಿ ವಿದ್ಯಾರ್ಥಿಯಾಗಿದ್ದಾಗ ಓದಿನಲ್ಲಿ ಮನಸ್ಸು ನಿಲ್ಲದೆ, ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ತಿರುಗಿಸಿಟ್ಟು ಅದು ಬಡಿಯುವವರೆಗೆ ಮಾತ್ರ ಓದತೊಡಗಿದ. ಅದೇ ‘ಪೊಮೊಡೊರೊ’ ವಿಧಾನ: 25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ದೀರ್ಘ ವಿರಾಮ. ಹೊಸಬರು ಹತ್ತು ನಿಮಿಷದಿಂದ ಶುರುಮಾಡಲಿ.

ಈ ವಿಧಾನ ಕೈಕೊಡುವುದು ಸಾಮಾನ್ಯವಾಗಿ ಮೂರನೇ ನಿಮಿಷಕ್ಕೆ. ಗ್ಯಾಸ್ ಬುಕ್ ಮಾಡಿಲ್ಲ, ಕರೆಂಟ್ ಬಿಲ್ ಕಟ್ಟಿಲ್ಲ, ಅತ್ತೆಗೆ ಫೋನ್ ಮಾಡಬೇಕಿತ್ತು ಎಂದು ಒಂದೊಂದೇ ಏಳುತ್ತವೆ. ಅದಕ್ಕೇ ಪಕ್ಕದಲ್ಲಿ ಒಂದು ಚೀಟಿ, ಪೆನ್ ಇರಬೇಕು. ‘ಗ್ಯಾಸ್’ ಎಂದಷ್ಟೇ ಬರೆದು ಮರಳಿ ಕೆಲಸಕ್ಕೆ ಬನ್ನಿ. ಟೈಮರ್ ಬಡಿದ ಮೇಲೆ ಚೀಟಿ ನೋಡಿ. ಬರೆದಿಟ್ಟ ವಿಷಯ ಮತ್ತೆ ಮತ್ತೆ ಬಾಗಿಲು ತಟ್ಟುವುದು ಕಡಿಮೆಯಾಗುತ್ತದೆ.

ಅರ್ಧದಲ್ಲಿ ಏಳಲೇಬೇಕಾಗಿ ಬಂದರೆ ಎಲ್ಲಿ ನಿಲ್ಲಿಸಿದಿರಿ, ಮುಂದೇನು ಎಂದು ಅದೇ ಚೀಟಿಯಲ್ಲಿ ಒಂದು ಸಾಲು ಗೀಚಿ. ಕೆಲಸದಿಂದ ಕೆಲಸಕ್ಕೆ ಹಾರುವಾಗ ಗಮನದ ಒಂದಂಶ ಹಳೆಯದರಲ್ಲೇ ಸಿಕ್ಕಿಕೊಂಡಿರುತ್ತದೆ ಎಂದು ಸಂಶೋಧಕಿ ಸೋಫಿ ಲೆರಾಯ್ 2009ರಲ್ಲೇ ತೋರಿಸಿದ್ದಾರೆ. ಬಿಡುವಿನ ಐದು ನಿಮಿಷದಲ್ಲಿ ರೀಲ್ಸ್ ಬೇಡ. ನೀರು ಕುಡಿಯಿರಿ, ಬಾಲ್ಕನಿಗೆ ಹೋಗಿ ಬನ್ನಿ.

ಇಂಥ ಸಲಹೆಗಳೆಲ್ಲ ತಿಂಡಿ ಬೇರೆ ಯಾರೋ ಮಾಡಿಕೊಡುತ್ತಾರೆ ಎಂಬ ನಂಬಿಕೆಯ ಮೇಲೆ ನಿಂತಿರುತ್ತವೆ. ಬೆಳಗ್ಗೆ ಎಂಟರೊಳಗೆ ನಾಲ್ಕು ಡಬ್ಬಿ ಕಟ್ಟುವವರಿಗೆ 25 ನಿಮಿಷ ಎಲ್ಲಿಂದ ಬರಬೇಕು? ಅವರು ಮಧ್ಯಾಹ್ನದ ಹೊತ್ತು ಆರಿಸಿಕೊಳ್ಳಲಿ. ಅದಕ್ಕಿಂತ ಮೊದಲು ಎರಡು ಡಬ್ಬಿ ಕಟ್ಟುವ ಕೆಲಸ ಮನೆಯ ಇನ್ನೊಬ್ಬರಿಗೆ ದಾಟಲಿ.

ಕೈ ಕೆಲಸ ಒಂದು, ಇಯರ್‌ಫೋನ್ ಇಲ್ಲದೆ

ಸೊಪ್ಪು ಬಿಡಿಸುವುದು, ಅವರೆಕಾಯಿ ಸುಲಿಯುವುದು, ಬಟ್ಟೆ ಮಡಚುವುದು, ಗಿಡಕ್ಕೆ ನೀರು ಹಾಕುವುದು. ಇವುಗಳಲ್ಲಿ ದಿನಕ್ಕೊಂದನ್ನು ಸದ್ದಿಲ್ಲದೆ ಮಾಡಿ. ಮನಸ್ಸು ಓಡುತ್ತದೆ, ಓಡಲಿ. ಗೊತ್ತಾದಾಗ ಕೈಯಲ್ಲಿರುವ ಕಾಯಿಗೆ ಕರೆತನ್ನಿ. ಧ್ಯಾನಕ್ಕೆ ಕೂತರೆ ನಿದ್ದೆ ಬರುತ್ತದೆ ಎನ್ನುವವರಿಗೆ ಇದು ಒಗ್ಗುತ್ತದೆ.

ಮಲಗುವ ಮುಂಚೆ ಎರಡು ಬರಹ

ಒಂದು, ನಾಳೆಯ ಕೆಲಸದ ಪಟ್ಟಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಯುವಜನರ ಮೇಲೆ ಮಾಡಿ 2018ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮುಂದೆ ಮಾಡಬೇಕಾದ ಕೆಲಸ ಬರೆದವರು ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ಲಾಭ ಹೆಚ್ಚು.

ಇನ್ನೊಂದು, ಆ ದಿನ ಚೆನ್ನಾಗಿ ನಡೆದ ಮೂರು ಸಂಗತಿ, ಮತ್ತು ಯಾಕೆ ಹಾಗಾಯಿತು ಎಂಬುದು. ಮನಶ್ಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವಾರ ಹೀಗೆ ಬರೆದವರ ಸಂತಸ ಆರು ತಿಂಗಳಾದರೂ ಹೆಚ್ಚೇ ಇತ್ತು. ವಾರ ಮುಗಿದ ಮೇಲೂ ತಾವಾಗಿಯೇ ಬರೆಯುತ್ತ ಹೋದವರಿಗೆ ಫಲ ಇನ್ನೂ ಚೆನ್ನಾಗಿ ಸಿಕ್ಕಿತು. ‘ಆರೋಗ್ಯ, ಕುಟುಂಬ, ದೇವರ ದಯೆ’ ಎಂದು ದಿನವೂ ಬರೆದರೆ ನಾಲ್ಕನೇ ದಿನಕ್ಕೆ ಅದು ಮಗ್ಗಿ ಒಪ್ಪಿಸಿದಂತಾಗುತ್ತದೆ. ‘ಬಸ್ಸಿನಲ್ಲಿ ಕಾಲೇಜು ಹುಡುಗಿ ಸೀಟು ಬಿಟ್ಟುಕೊಟ್ಟಳು; ನನ್ನ ಕೈಲಿದ್ದ ಬ್ಯಾಗ್ ನೋಡಿರಬೇಕು’ ಎಂದು ಬರೆಯಿರಿ. ಬರೆಯಲು ಇದೆ ಎಂದು ಗೊತ್ತಿದ್ದರೆ ಹಗಲಲ್ಲೂ ಕಣ್ಣು ಇಂಥದ್ದನ್ನು ಹೆಕ್ಕುತ್ತದೆ.

ತಪ್ಪಿದ ದಿನ

ಮದುವೆ, ಜಾತ್ರೆ, ಜ್ವರ, ಊರಿಗೆ ಹೋಗಿದ್ದು. ಅಭ್ಯಾಸ ತಪ್ಪೇ ತಪ್ಪುತ್ತದೆ. ಸೂತಕವಿದ್ದಾಗ ಬಾಗಿಲಿಗೆ ರಂಗೋಲಿ ಬೀಳುವುದಿಲ್ಲ, ಕಳೆದ ಮೇಲೆ ಮತ್ತೆ ಬೀಳುತ್ತದೆ. ನಡುವಿನ ದಿನಗಳನ್ನು ಸೇರಿಸಿ ದೊಡ್ಡದಾಗಿ ಯಾರೂ ಬಿಡಿಸುವುದಿಲ್ಲ. ಒಂದು ದಿನ ತಪ್ಪಿದ್ದರಿಂದ ಅಭ್ಯಾಸ ರೂಪುಗೊಳ್ಳುವುದಕ್ಕೆ ಹೇಳಿಕೊಳ್ಳುವಂಥ ಅಡ್ಡಿಯಾಗಲಿಲ್ಲ ಎಂಬುದು ಲ್ಯಾಲಿ ಅಧ್ಯಯನದಲ್ಲೂ ಕಂಡಿದೆ. ಮರುದಿನ ಅಷ್ಟೇ ಚಿಕ್ಕದಾಗಿ ಮುಂದುವರಿಸಿ, ಬಾಕಿ ತೀರಿಸಲು ಹೋಗಬೇಡಿ.

ಸಾಲದ ಕಂತು, ರಾತ್ರಿ ಹನ್ನೊಂದಕ್ಕೂ ಬರುವ ಆಫೀಸಿನ ಕರೆ, ಮನೆಯೊಳಗಿನ ಜಗಳ, ಇವುಗಳಿಂದ ಬಂದ ಅಶಾಂತಿಗೆ ಡೈರಿ ಮದ್ದಲ್ಲ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಇದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲೇ ಮಾತಾಡಬಹುದು. ಫೋನ್, ಆನ್‌ಲೈನ್ ಗೇಮ್ ಬಿಡಲಾರದೆ ಒದ್ದಾಡುವವರಿಗೆಂದೇ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲಿ ‘ಶಟ್ ಕ್ಲಿನಿಕ್’ ತೆರೆದಿದೆ. ಮಕ್ಕಳ ವಿಷಯದಲ್ಲಿ ಚಿಂತೆಯಿರುವ ಪೋಷಕರೂ ಅಲ್ಲಿ ವಿಚಾರಿಸಬಹುದು.